ರೆಸಲ್‌ಮೇನಿಯಾ 3: ಸೋತವರ ಕಡೆ ನೋಡಿ

ಹಳೆಯ ಡಬ್ಲ್ಯುಡಬ್ಲ್ಯುಎಫ್, ಅಂದರೆ ಈಗ ಡಬ್ಲ್ಯುಡಬ್ಲ್ಯುಇ ಎನ್ನುವ ಅಮೆರಿಕದ ಕುಸ್ತಿ ಕಂಪನಿಯ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಒಂದೇ ಕಾರ್ಯಕ್ರಮದ ಹಿಂದೆ ಬಿದ್ದಿವೆ. ಅದು 1987ರ ಮಾರ್ಚ್ 29ರಂದು ಅಮೆರಿಕದ ಮಿಷಿಗನ್ ರಾಜ್ಯದ ಪಾಂಟಿಯಾಕ್‌ನಲ್ಲಿ ನಡೆದ ರೆಸಲ್‌ಮೇನಿಯಾ 3. ಸಿಲ್ವರ್‌ಡೋಮ್ ಎಂಬ ದೊಡ್ಡ ಕ್ರೀಡಾಂಗಣ, 12 ಪಂದ್ಯ, ಮೂರು ಗಂಟೆಯ ಹತ್ತಿರ ಹತ್ತಿರ ಆಟ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ. ಪ್ರಶ್ನೆಗಳನ್ನು ಪಂದ್ಯಗಳ ಸಾಲಿಗೆ ತಕ್ಕಂತೆ ಜೋಡಿಸಿದ್ದೇನೆ. ಈ ಕುಸ್ತಿಯಲ್ಲಿ ಗೆಲ್ಲುವವರು ಯಾರೆಂದು ಮೊದಲೇ ತೀರ್ಮಾನವಾಗಿರುತ್ತದೆ, ಅದು ನೆನಪಿರಲಿ.

ಪ್ರ: ಸರ್, ನಾನು ಈಗಿನ ಡಬ್ಲ್ಯುಡಬ್ಲ್ಯುಇ ತಪ್ಪದೆ ನೋಡ್ತೀನಿ. ರೆಸಲ್‌ಮೇನಿಯಾ 3 ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದೆ. ಎಲ್ಲಾ ನಿಧಾನ ಅನ್ನಿಸಿತು. ಪೂರ್ತಿ ನೋಡಲೇಬೇಕಾ? — ಕಾಲೇಜು ವಿದ್ಯಾರ್ಥಿ, ತುಮಕೂರು

ಉ: ಎಲ್ಲವನ್ನೂ ನೋಡಬೇಕು ಅಂತೇನಿಲ್ಲ. ಆದರೆ ಮೊದಲ ಪಂದ್ಯ ಬಿಡಬೇಡಿ, ಐದಾರು ನಿಮಿಷ ಅಷ್ಟೆ. ಒಂದು ಕಡೆ ಕ್ಯಾನ್-ಆಮ್ ಕನೆಕ್ಷನ್ ಜೋಡಿ, ಅಂದರೆ ರಿಕ್ ಮಾರ್ಟೆಲ್ ಮತ್ತು ಟಾಮ್ ಜೆಂಕ್. ಇನ್ನೊಂದು ಕಡೆ ಬಾಬ್ ಆರ್ಟನ್ ಮತ್ತು ಡಾನ್ ಮುರಾಕೊ. ಈ ಆರ್ಟನ್ ನಿಮಗೆ ಗೊತ್ತಿರುವ ರ‍್ಯಾಂಡಿ ಆರ್ಟನ್‌ನ ಅಪ್ಪ.

ಕೊನೆಯ ಪಟ್ಟನ್ನು ಎರಡು ಸಲ ಹಾಕಿ ನೋಡಿ. ಮಾರ್ಟೆಲ್ ಗಾಳಿಯಲ್ಲಿ ಅಡ್ಡಡ್ಡ ಹಾರಿ ಮುರಾಕೊನ ಎದೆ ಮೇಲೆ ಬೀಳುತ್ತಾನೆ. ಅದೇ ಹೊತ್ತಿಗೆ ಜೆಂಕ್ ಮುರಾಕೊನ ಹಿಂದೆ ಮಂಡಿಯೂರಿ ಕೂತಿರುತ್ತಾನೆ. ಮುರಾಕೊ ಅವನ ಮೇಲೆ ಎಡವಿ ಬೆನ್ನಡಿಯಾಗಿ ಬೀಳುತ್ತಾನೆ. ಎಲ್ಲರ ಕಣ್ಣೂ ಹಾರಿದ ಮಾರ್ಟೆಲ್ ಮೇಲೆಯೇ ಇರುತ್ತದೆ. ನೀವು ಮುರಾಕೊನನ್ನು ನೋಡಿ. ಅಷ್ಟು ದೊಡ್ಡ ಆಸಾಮಿ, ಹಿಂದೆ ಏನಿದೆ ಎಂದು ತಿರುಗಿ ನೋಡದೆ, ಕೈಯೂರದೆ ಬಿದ್ದ. ಅವನು ಹಾಗೆ ಬಿದ್ದದ್ದರಿಂದಲೇ ಹುಡುಗರಿಬ್ಬರೂ ಗೆದ್ದಂತೆ ಕಂಡರು. ಈ ಕಾರ್ಯಕ್ರಮವನ್ನು ಹೀಗೆ ಸೋಲುವವನ ಮೇಲೆ ಕಣ್ಣಿಟ್ಟು ನೋಡಿದರೆ ನಿಧಾನ ಅನ್ನಿಸುವುದು ಎಷ್ಟೋ ಕಡಿಮೆಯಾಗುತ್ತದೆ.

ಇನ್ನೊಂದು ವಿಷಯ. ಸಿಲ್ವರ್‌ಡೋಮ್‌ನ ಚಾವಣಿ ಬಟ್ಟೆಯದು. ಒಳಗಿನ ಗಾಳಿಯ ಒತ್ತಡದಿಂದ ಅದು ಮೇಲೆ ನಿಂತಿತ್ತು. ಆಟ ಶುರುವಾದಾಗ ಹೊರಗೆ ಹಗಲು. ಬಟ್ಟೆ ದಾಟಿ ಬೆಳಕು ಒಳಗೆ ಬೀಳುತ್ತದೆ, ದೂರದ ಮೇಲಿನ ಸಾಲುಗಳಲ್ಲಿ ಕೂತವರೂ ಕಾಣುತ್ತಾರೆ. ಪಂದ್ಯಗಳು ಮುಂದೆ ಹೋದಂತೆ ಸುತ್ತ ಕತ್ತಲಾಗುತ್ತದೆ. ಕೊನೆಗೆ ಬೆಳಕು ರಿಂಗ್ ಮೇಲೆ ಮಾತ್ರ ಉಳಿಯುತ್ತದೆ. ತುಂಡು ತುಂಡಾಗಿ ನೋಡಿದರೆ ಇದು ಗೊತ್ತಾಗುವುದಿಲ್ಲ. ಮೊಬೈಲ್‌ನಲ್ಲಿ ಬೇಡ, ಟಿವಿಗೆ ಹಾಕಿಕೊಂಡು ನೋಡಿ.

ಪ್ರ: ಎರಡನೇ ಪಂದ್ಯದಲ್ಲಿ ಬಿಲ್ಲಿ ಜ್ಯಾಕ್ ಹೇನ್ಸ್, ಹರ್ಕ್ಯುಲಿಸ್ ಇಬ್ಬರೂ ಒಂದೇ ಪಟ್ಟು ಹಾಕಲು ಒದ್ದಾಡುತ್ತಾರೆ. ಕೊನೆಗೆ ಯಾರೂ ಗೆಲ್ಲುವುದಿಲ್ಲ. ಇದೇಕೆ? — ಓದುಗರು, ಗದಗ

ಉ: ಅದು ಫುಲ್ ನೆಲ್ಸನ್. ಹಿಂದಿನಿಂದ ಬಂದು, ಎರಡೂ ಕಂಕುಳ ಕೆಳಗಿಂದ ಕೈ ತೂರಿಸಿ, ಎದುರಾಳಿಯ ಕತ್ತಿನ ಹಿಂದೆ ಬೆರಳು ಹೆಣೆದು ತಲೆ ಒತ್ತುವ ಪಟ್ಟು. ಇಬ್ಬರದೂ ಅದೇ ಅಸ್ತ್ರ. ಯಾರದು ಗಟ್ಟಿ ಎನ್ನುವುದೇ ಜಗಳ. ಹೇನ್ಸ್ ಪಟ್ಟು ಹಾಕಿದ ಹೊತ್ತಿಗೆ ಇಬ್ಬರೂ ಹಗ್ಗದಾಚೆ ಬಿದ್ದಿದ್ದರು. ರೆಫ್ರಿ ಹತ್ತು ಎಣಿಸಿದ, ಇಬ್ಬರೂ ಔಟ್. ಆಮೇಲೆ ಹರ್ಕ್ಯುಲಿಸ್ ಸರಪಳಿಯಿಂದ ಹೊಡೆದು ಹೇನ್ಸ್‌ನ ಹಣೆಯಲ್ಲಿ ರಕ್ತ ಬರಿಸಿದ. ಜಗಳವನ್ನು ಊರೂರಿಗೆ ಒಯ್ದು ಇನ್ನಷ್ಟು ಟಿಕೆಟ್ ಮಾರುವುದಿದ್ದಾಗ ಕಂಪನಿಯವರು ಹೀಗೆ ಗಂಟು ಬಿಚ್ಚದೆ ಇಡುತ್ತಿದ್ದರು. ನನಗೆ ಈ ಪಂದ್ಯ ರುಚಿಸಲಿಲ್ಲ. ಶಕ್ತಿ ಬೇಕಾದಷ್ಟಿದೆ, ಕಥೆಯಿಲ್ಲ.

ಪ್ರ: ನಮಸ್ಕಾರ. ಮಗನ ಜೊತೆ ಕೂತು ನೋಡಿದೆ. ಮೂರನೇ ಪಂದ್ಯದಲ್ಲಿ ಗುಡ್ಡದಂತಹ ಒಬ್ಬ ಮನುಷ್ಯ ಕುಳ್ಳಗಿನ ಒಬ್ಬನನ್ನು ಎತ್ತಿ ಕುಕ್ಕುತ್ತಾನೆ. ನನಗೆ ಸಂಕಟವಾಯಿತು. ಇದನ್ನು ಆಟ ಅಂತ ಹೇಗೆ ನೋಡುವುದು? — ಗೃಹಿಣಿ, ಶಿವಮೊಗ್ಗ

ಉ: ನಿಮ್ಮ ಸಂಕಟ ನ್ಯಾಯವಾದದ್ದು. ಎತ್ತಿ ಕುಕ್ಕಿದವನು ಕಿಂಗ್ ಕಾಂಗ್ ಬಂಡಿ, ತೂಕ 400 ಪೌಂಡ್‌ಗೂ ಮೇಲೆ. ಬಿದ್ದವರು ಲಿಟಲ್ ಬೀವರ್. ಆಗಲೇ ವಯಸ್ಸು ಐವತ್ತು ದಾಟಿತ್ತು. ಹಲವು ದಶಕ ರಿಂಗ್‌ನಲ್ಲಿ ದುಡಿದ ಹಿರಿಯರು ಅವರು. ಬಂಡಿ ಅಷ್ಟಕ್ಕೇ ಬಿಡಲಿಲ್ಲ, ಮೊಣಕೈ ಮುಂದೆ ಮಾಡಿ ಅವರ ಮೇಲೆ ಬಿದ್ದ. ಅಲ್ಲಿಗೆ ರೆಫ್ರಿ ಬಂಡಿಯ ತಂಡವನ್ನು ಅನರ್ಹ ಮಾಡಿದ.

ಕುಳ್ಳಗಿನ ಕುಸ್ತಿಪಟುಗಳನ್ನು ಆ ಕಾಲದಲ್ಲಿ ನಗಿಸಲು ಮಾತ್ರ ಕರೆಯುತ್ತಿದ್ದರು. ಅದು ಸರಿಯಲ್ಲ. ಈ ಪಂದ್ಯದಲ್ಲಿದ್ದ ಲಾರ್ಡ್ ಲಿಟಲ್‌ಬ್ರೂಕ್, ಲಿಟಲ್ ಟೋಕಿಯೋ, ಹೈಟಿ ಕಿಡ್ ಎಲ್ಲರೂ ಕಸುಬು ಬಲ್ಲವರು. ಪಂದ್ಯ ಮುಗಿದ ಮೇಲೆ ಏನಾಗುತ್ತದೆ ಎಂದು ಮಗನಿಗೆ ತೋರಿಸಿ. ಬಂಡಿಯ ಕಡೆಯಿದ್ದ ಟೋಕಿಯೋ ಮತ್ತು ಲಿಟಲ್‌ಬ್ರೂಕ್ ಇಬ್ಬರೂ ಅವನಿಗೇ ತಿರುಗಿ ಬೀಳುತ್ತಾರೆ. ಎದುರಾಳಿಗಳ ಜೊತೆ ಸೇರಿ ಲಿಟಲ್ ಬೀವರ್‌ನನ್ನು ಕಾಪಾಡಲು ಓಡುತ್ತಾರೆ. ಇಡೀ ಪಂದ್ಯದಲ್ಲಿ ನನಗೆ ಹಿಡಿಸಿದ್ದು ಅದೊಂದೇ. ಉಳಿದದ್ದನ್ನು ಮಕ್ಕಳಿಗೆ ತೋರಿಸದಿದ್ದರೆ ಏನೂ ನಷ್ಟವಿಲ್ಲ.

ಪ್ರ: ಹಾರ್ಲಿ ರೇಸ್ ಅಷ್ಟು ದೊಡ್ಡ ಹೆಸರು ಅಂತೀರಿ. ಇಲ್ಲಿ ಕಿರೀಟ ಹಾಕಿಕೊಂಡು ನಾಟಕದ ರಾಜನ ಹಾಗೆ ಬರ್ತಾನಲ್ಲ? — ಓದುಗರು, ಚಿತ್ರದುರ್ಗ

ಉ: ಹೌದು, ಡಬ್ಲ್ಯುಡಬ್ಲ್ಯುಎಫ್‌ಗೆ ಬರುವ ಮುಂಚೆ ರೇಸ್ ಬೇರೆ ಸಂಸ್ಥೆಯಾದ ಎನ್‌ಡಬ್ಲ್ಯುಎಯ ವಿಶ್ವ ಚಾಂಪಿಯನ್ ಪಟ್ಟವನ್ನು ಮತ್ತೆ ಮತ್ತೆ ಗೆದ್ದವನು. ಇಲ್ಲಿ ಅವನಿಗೆ ರಾಜನ ವೇಷ ಕೊಟ್ಟರು. ಜಂಕ್‌ಯಾರ್ಡ್ ಡಾಗ್ ಜೊತೆ ಪಂದ್ಯ, ಸೋತವನು ಗೆದ್ದವನಿಗೆ ತಲೆಬಾಗಬೇಕು ಎಂಬ ಷರತ್ತು. ರೇಸ್ ಗೆದ್ದ. ಆದರೂ ಕಣ್ಣಿಗೆ ಬೀಳುವುದು ಅವನು ಬಿದ್ದ ರೀತಿ. ಹೆಚ್ಚೂಕಡಿಮೆ 44ರ ವಯಸ್ಸಿನಲ್ಲಿ ಹಗ್ಗದ ಮೇಲಿಂದ ಹೊರಗೆ ಉರುಳುತ್ತಾನೆ. ಎದುರಾಳಿಯ ಪ್ರತಿ ಏಟಿಗೂ ಇಡೀ ಮೈ ಕೊಡುತ್ತಾನೆ. ಜಂಕ್‌ಯಾರ್ಡ್ ಡಾಗ್‌ನನ್ನು ಜನ ತುಂಬಾ ಪ್ರೀತಿಸುತ್ತಿದ್ದರು, ಆದರೆ ಅವನ ಬಳಿ ಪಟ್ಟುಗಳು ಕಡಿಮೆ. ಪಂದ್ಯವನ್ನು ಹೊತ್ತವನು ರೇಸ್. ಕೊನೆಗೆ ಜಂಕ್‌ಯಾರ್ಡ್ ಡಾಗ್ ಬಾಗಿದಂತೆ ಮಾಡಿ, ಕುರ್ಚಿಯಿಂದ ರೇಸ್‌ಗೆ ಬಾರಿಸಿ, ರಾಜನ ನಿಲುವಂಗಿ ಹೊತ್ತುಕೊಂಡು ಹೋದ. ಜನಕ್ಕೆ ಖುಷಿಯೋ ಖುಷಿ.

ಪ್ರ: ಅಂಕಲ್, ಬ್ರೂಟಸ್ ಬೀಫ್‌ಕೇಕ್ ಐದನೇ ಪಂದ್ಯದಲ್ಲಿ ಕೆಟ್ಟವರ ಜೊತೆ ಇದ್ದ. ಆರನೇ ಪಂದ್ಯದಲ್ಲಿ ಪೈಪರ್‌ಗೆ ಸಹಾಯ ಮಾಡ್ತಾನೆ. ಯಾಕೆ? — ಹೈಸ್ಕೂಲ್ ವಿದ್ಯಾರ್ಥಿ, ಹಾಸನ

ಉ: ಚೆನ್ನಾಗಿ ಗಮನಿಸಿದ್ದೀಯಪ್ಪ. ಈ ಎರಡು ಪಂದ್ಯ ಸೇರಿದರೆ ಒಂದು ಕಥೆ. ಐದನೇ ಪಂದ್ಯದಲ್ಲಿ ಬೀಫ್‌ಕೇಕ್ ಮತ್ತು ಗ್ರೆಗ್ ವ್ಯಾಲೆಂಟೈನ್ ಅವರ ಡ್ರೀಮ್ ಟೀಮ್, ರುಜೊ ಸಹೋದರರ ಮೇಲೆ ಗೆಲ್ಲುತ್ತದೆ. ಗೆಲ್ಲಿಸಿದ್ದು ಮಾತ್ರ ಮಧ್ಯೆ ನುಗ್ಗಿದ ಡೀನೊ ಬ್ರಾವೊ. ಗೆದ್ದ ಮೇಲೆ ವ್ಯಾಲೆಂಟೈನ್, ಬ್ರಾವೊ, ಮ್ಯಾನೇಜರ್ ಮೂವರೂ ಕುಸ್ತಿಪಟುಗಳನ್ನು ಕರೆತರುವ ಪುಟ್ಟ ಗಾಡಿ ಹತ್ತಿ ಹೊರಟೇಬಿಡುತ್ತಾರೆ. ಬೀಫ್‌ಕೇಕ್ ರಿಂಗ್‌ನಲ್ಲಿ ಒಬ್ಬನೇ ನಿಂತಿರುತ್ತಾನೆ. ಯಾರೂ ಒಂದು ಮಾತೂ ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ.

ಮುಂದಿನದು ರಾಡಿ ಪೈಪರ್ ಮತ್ತು ಏಡ್ರಿಯನ್ ಅಡೋನಿಸ್ ಪಂದ್ಯ. ಸೋತವನ ತಲೆಗೂದಲು ತೆಗೆಯಬೇಕು. ಇದು ತನ್ನ ಕೊನೆಯ ಪಂದ್ಯ ಎಂದು ಪೈಪರ್ ಹೇಳಿಕೊಂಡಿದ್ದ. ಸಿನಿಮಾಕ್ಕೆ ಹೋಗುವವನಿದ್ದ. ಅಡೋನಿಸ್ ಕತ್ತು ಬಿಗಿದು ಪೈಪರ್‌ನನ್ನು ಮಲಗಿಸುತ್ತಾನೆ. ರೆಫ್ರಿ ಪೈಪರ್‌ನ ಕೈ ಎತ್ತಿ ಬಿಡುತ್ತಾನೆ, ಬೀಳುತ್ತದೆ. ಮತ್ತೆ ಎತ್ತಿ ಬಿಡುತ್ತಾನೆ, ಬೀಳುತ್ತದೆ. ಮೂರನೆಯದಕ್ಕೆ ಮುಂಚೆಯೇ ಗೆದ್ದೆ ಎಂದುಕೊಂಡು ಅಡೋನಿಸ್ ಕೈ ಸಡಿಲಿಸುತ್ತಾನೆ. ಆಗ ಬೀಫ್‌ಕೇಕ್ ಓಡಿ ಬಂದು ಪೈಪರ್‌ನನ್ನು ಎಬ್ಬಿಸುತ್ತಾನೆ. ಪೈಪರ್ ಅದೇ ಪಟ್ಟು ತಿರುಗಿಸಿ ಹಾಕಿ ಗೆಲ್ಲುತ್ತಾನೆ. ಬೀಫ್‌ಕೇಕ್ ಅಡೋನಿಸ್‌ನ ಕೂದಲು ಕತ್ತರಿಸುತ್ತಾನೆ. ಆಮೇಲೆ ವರ್ಷಗಟ್ಟಲೆ ಅವನು ಕತ್ತರಿ ಹಿಡಿದ 'ಬಾರ್ಬರ್' ಆಗಿಯೇ ಬದುಕಿದ.

ಈ ಪಂದ್ಯದಲ್ಲಿ ನೀನು ಅಡೋನಿಸ್‌ನನ್ನು ನೋಡು. ಅಷ್ಟು ದಪ್ಪ ಮೈ ಇಟ್ಟುಕೊಂಡು ಹಗ್ಗದ ಮೇಲೆ, ರಿಂಗ್ ಹೊರಗೆ, ಮೂಲೆಯಲ್ಲಿ ಎಲ್ಲೆಂದರಲ್ಲಿ ಬೀಳುತ್ತಾನೆ. ಬೀಳುವುದರಲ್ಲಿ ಅವನಷ್ಟು ಪಳಗಿದವರು ಆಗ ಕಡಿಮೆ. ಮರುವರ್ಷ, 1988ರ ಜುಲೈನಲ್ಲಿ, ಕೆನಡಾದಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಪೈಪರ್ 1989ರಲ್ಲಿ ಮತ್ತೆ ರಿಂಗ್‌ಗೆ ಬಂದ.

ಪ್ರ: ಏಳು, ಎಂಟನೇ ಪಂದ್ಯಗಳ ಬಗ್ಗೆ ಒಂದೆರಡು ಮಾತು? — ಓದುಗರು, ರಾಯಚೂರು

ಉ: ಏಳನೆಯದರಲ್ಲಿ ಹಾರ್ಟ್ ಫೌಂಡೇಶನ್ ಮತ್ತು ಡ್ಯಾನಿ ಡೇವಿಸ್ ಒಂದು ಕಡೆ, ಬ್ರಿಟಿಷ್ ಬುಲ್‌ಡಾಗ್ಸ್ ಮತ್ತು ಟಿಟೊ ಸಂತಾನಾ ಇನ್ನೊಂದು ಕಡೆ. ಡೇವಿಸ್ ಮೊದಲು ರೆಫ್ರಿಯಾಗಿದ್ದವನು. ಎದುರಾಳಿಗಳ ಮೋಸಕ್ಕೆ ಕಣ್ಣು ಮುಚ್ಚಿಕೊಂಡು ಬುಲ್‌ಡಾಗ್ಸ್ ಕೈಯಿಂದ ಚಾಂಪಿಯನ್ ಬೆಲ್ಟ್ ತಪ್ಪಿಸಿದ್ದವನು. ಜನ ಅವನಿಗೆ ಏಟು ಬೀಳಲಿ ಎಂದೇ ಕಾಯುತ್ತಿದ್ದರು. ಏಟುಗಳೂ ಬೀಳುತ್ತವೆ, ಜನರ ಕೂಗು ಕೇಳಿ. ಕೊನೆಗೆ ಅವನೇ ಮ್ಯಾನೇಜರ್‌ನ ಮೆಗಾಫೋನ್‌ನಿಂದ ಬುಲ್‌ಡಾಗ್ಸ್‌ನ ಡೇವಿ ಬಾಯ್ ಸ್ಮಿತ್‌ಗೆ ಹೊಡೆದು ಗೆಲ್ಲುತ್ತಾನೆ. ಸ್ಮಿತ್‌ನ ಜೊತೆಗಾರ ಡೈನಮೈಟ್ ಕಿಡ್ ರಿಂಗ್‌ನಲ್ಲಿ ಕಾಣಿಸುವುದೇ ಅಪರೂಪ. ಕೆಲವೇ ತಿಂಗಳ ಹಿಂದೆ ಬೆನ್ನಿಗೆ ಭಾರಿ ಪೆಟ್ಟಾಗಿತ್ತು. ನಿಲ್ಲುವುದೇ ಕಷ್ಟವಿದ್ದಾಗ ಬಂದು ನಿಂತಿದ್ದ.

ಎಂಟನೆಯದು ಬುಚ್ ರೀಡ್ ಮತ್ತು ಕೋಕೊ ಬಿ ವೇರ್. ನಾಲ್ಕು ನಿಮಿಷದ ಪಂದ್ಯ. ಬಿಡಬಹುದು.

ಪ್ರ: ಎಲ್ಲಾ ಮೊದಲೇ ತೀರ್ಮಾನವಾಗಿರುತ್ತೆ ಅಂತ ಈಗ ಚಿಕ್ಕ ಮಕ್ಕಳಿಗೂ ಗೊತ್ತು. ಸ್ಯಾವೇಜ್-ಸ್ಟೀಮ್‌ಬೋಟ್ ಪಂದ್ಯವನ್ನು ಜಗತ್ತೇ ಹೊಗಳುತ್ತದೆ. ಸುಳ್ಳು ಪಂದ್ಯದಲ್ಲಿ ಹೊಗಳುವಂಥದ್ದು ಏನಿದೆ? — ಬ್ಯಾಂಕ್ ನೌಕರ, ಮಂಡ್ಯ

ಉ: ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಕೊಡಬೇಕು.

ಬಯಲಾಟದಲ್ಲಿ ದುರ್ಯೋಧನ ತೊಡೆ ಮುರಿದುಕೊಂಡು ಬೀಳುತ್ತಾನೆ ಎಂದು ಊರಿಗೆಲ್ಲ ಗೊತ್ತು. ಆದರೂ ಬೆಳಗಿನ ಜಾವದವರೆಗೆ ಕೂರುತ್ತೇವೆ, ಅಲ್ವಾ? ಹೇಗೆ ಬೀಳುತ್ತಾನೆ ಎನ್ನುವುದಕ್ಕೆ ಕೂರುತ್ತೇವೆ. ಇಲ್ಲೂ ಅಷ್ಟೇ.

ಮೊದಲು ಹಿನ್ನೆಲೆ. ರ‍್ಯಾಂಡಿ ಸ್ಯಾವೇಜ್ 1986ರ ಫೆಬ್ರವರಿಯಿಂದ ಇಂಟರ್‌ಕಾಂಟಿನೆಂಟಲ್ ಬೆಲ್ಟ್, ಅಂದರೆ ಕಂಪನಿಯ ಎರಡನೇ ದೊಡ್ಡ ಪಟ್ಟ ಇಟ್ಟುಕೊಂಡಿದ್ದ. ಆ ವರ್ಷದ ಕೊನೆಯಲ್ಲಿ ರಿಕಿ ಸ್ಟೀಮ್‌ಬೋಟ್‌ನ ಗಂಟಲಿಗೆ ಪಂದ್ಯದ ಗಂಟೆಯಿಂದಲೇ ಹೊಡೆದ. ಸ್ಟೀಮ್‌ಬೋಟ್‌ಗೆ ಮಾತೇ ಹೊರಡುವುದಿಲ್ಲ ಎಂದು ಟಿವಿಯಲ್ಲಿ ತಿಂಗಳುಗಟ್ಟಲೆ ತೋರಿಸಿದರು. ಹಾಗಾಗಿ ಮೊದಲ ನಿಮಿಷಗಳಲ್ಲೇ ಸ್ಟೀಮ್‌ಬೋಟ್ ಎರಡೂ ಕೈಯಿಂದ ಸ್ಯಾವೇಜ್‌ನ ಗಂಟಲು ಹಿಡಿದು ಮೇಲಕ್ಕೆತ್ತಿದಾಗ ಜನ ಎದ್ದು ನಿಲ್ಲುತ್ತಾರೆ. ಗಂಟಲಿಗೆ ಗಂಟಲು. ವಿವರಣೆಯೇ ಬೇಡ.

ಪಂದ್ಯ ಸುಮಾರು 14 ನಿಮಿಷ. ಸ್ಯಾವೇಜ್ ರಿಂಗ್‌ಗೆ ಬರುವ ಮುಂಚೆ ಬೇಸ್‌ಬಾಲ್ ಆಡುತ್ತಿದ್ದವನು. ಎಲ್ಲವನ್ನೂ ಮೊದಲೇ ಹೆಜ್ಜೆ ಹೆಜ್ಜೆಯಾಗಿ ಕಟ್ಟಿಕೊಳ್ಳಬೇಕು ಎನ್ನುವವನು. ಆಗ ಹೆಚ್ಚಿನವರು ಕೊನೆ ಮಾತ್ರ ತೀರ್ಮಾನಿಸಿಕೊಂಡು, ಉಳಿದದ್ದನ್ನು ರಿಂಗ್‌ನಲ್ಲೇ ಪಿಸುಮಾತಿನಲ್ಲಿ ಹೇಳಿಕೊಂಡು ಆಡುತ್ತಿದ್ದರು. ಸ್ಯಾವೇಜ್ ಇಡೀ ಪಂದ್ಯವನ್ನು ಹಾಳೆಗಳಲ್ಲಿ ಬರೆದು ನಂಬರ್ ಹಾಕಿದ್ದ, ಒಬ್ಬರಿಗೊಬ್ಬರು ಪಾಠ ಒಪ್ಪಿಸಿದಂತೆ ಹೇಳಿಸಿಕೊಳ್ಳುತ್ತಿದ್ದೆವು ಎಂದು ಸ್ಟೀಮ್‌ಬೋಟ್ ಆಮೇಲೆ ಹೇಳಿದ್ದಾನೆ.

ಈಗ ನಮ್ಮ ಕಡೆಯ ಕುಸ್ತಿಗೆ ಬರೋಣ. ನಾನು ದಾವಣಗೆರೆಯಲ್ಲಿ ಗರಡಿಮನೆಯ ಪಕ್ಕದಲ್ಲೇ ಬೆಳೆದವನು. ನಮ್ಮ ಚಿಕ್ಕಪ್ಪ ಪೈಲ್ವಾನ್. ನಮ್ಮ ಮಟ್ಟಿ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿತು ಅಂದರೆ ಚಿತ್. ಆ ಕ್ಷಣವೇ ಮುಗಿಯಿತು. ಅಮೆರಿಕದ ಈ ಕುಸ್ತಿಯಲ್ಲಿ ಬೆನ್ನು ತಾಗಿದ ಮೇಲೆ ರೆಫ್ರಿ ಮೂರು ಎಣಿಸಬೇಕು. ಒಂದು, ಎರಡು, ಮೂರು. ಈ ಕಸುಬಿನ ಜೀವಾಳ ಇರುವುದು ಎರಡಕ್ಕೂ ಮೂರಕ್ಕೂ ನಡುವೆ. ಎರಡರ ಮೇಲೆ ಭುಜ ಎತ್ತಿದರೆ ಪಂದ್ಯ ಉಳಿಯಿತು. ಎತ್ತುವುದು ತೀರಾ ಬೇಗವಾದರೆ ಜನ ನಂಬುವುದಿಲ್ಲ. ತಡವಾದರೆ ರೆಫ್ರಿ ಮೂರು ಬಡಿದೇಬಿಡುತ್ತಾನೆ.

ಸ್ಯಾವೇಜ್-ಸ್ಟೀಮ್‌ಬೋಟ್ ಪಂದ್ಯದ ದ್ವಿತೀಯಾರ್ಧದಲ್ಲಿ ಈ ಎರಡು ಎಷ್ಟು ಸಲ ಬರುತ್ತದೆ ಎಂದು ಎಣಿಸಿ ನೋಡಿ. ಸ್ಟೀಮ್‌ಬೋಟ್ ಉರುಳಿಸುತ್ತಾನೆ, ಎರಡು. ಕಾಲು ಮಡಚಿ ಹಿಡಿಯುತ್ತಾನೆ, ಎರಡು. ಹಗ್ಗದ ಮೇಲಿಂದ ಹಾರಿ ಹೊಡೆಯುತ್ತಾನೆ, ಮತ್ತೆ ಎರಡು. ಪ್ರತಿ ಸಲವೂ ಜನ ಮೂರು ಎಂದು ಕೂಗುತ್ತಾರೆ, ಪ್ರತಿ ಸಲವೂ ಕೂಗು ಅರ್ಧಕ್ಕೆ ನಿಲ್ಲುತ್ತದೆ. ಭುಜ ಎತ್ತುವವನು ಸ್ಯಾವೇಜ್. ಒಂದು ಸಲ ಮೈ ಒದರುತ್ತಾನೆ, ಒಂದು ಸಲ ಕಾಲು ಝಾಡಿಸುತ್ತಾನೆ, ಒಂದು ಸಲ ಹೇಗೋ ಹಗ್ಗ ಹಿಡಿಯುತ್ತಾನೆ. ಒಂದರಂತೆ ಇನ್ನೊಂದಿಲ್ಲ. ಮುಖದಲ್ಲಿ ಗಾಬರಿ ಸ್ವಲ್ಪ ಸ್ವಲ್ಪವೇ ಏರುತ್ತದೆ. ಅಷ್ಟು ದಿನ ಬೆಲ್ಟ್ ಇಟ್ಟುಕೊಂಡು ಮೆರೆದವನು ಇವತ್ತು ಕಳಕೊಳ್ಳುತ್ತೇನೆ ಎಂದು ಅರಿಯುವ ಮುಖ ಅದು.

ಕೊನೆ ಹೀಗೆ. ರೆಫ್ರಿ ಡೇವ್ ಹೆಬ್ನರ್ ಡಿಕ್ಕಿ ತಿಂದು ಬಿದ್ದಿರುತ್ತಾನೆ. ಸ್ಯಾವೇಜ್ ಮೇಲಿನ ಹಗ್ಗದಿಂದ ತನ್ನ ಹೆಸರಾಂತ ಮೊಣಕೈ ಏಟು ಹಾಕುತ್ತಾನೆ, ಎಣಿಸುವವರೇ ಇಲ್ಲ. ಆಗ ಮತ್ತದೇ ಗಂಟೆ ತರುತ್ತಾನೆ. ಸ್ಟೀಮ್‌ಬೋಟ್ ಕಡೆಯವನಾದ ಜಾರ್ಜ್ 'ದಿ ಅನಿಮಲ್' ಸ್ಟೀಲ್, ಹಗ್ಗದ ಮೇಲೆ ಹತ್ತಿದ ಸ್ಯಾವೇಜ್‌ನನ್ನು ಕೆಳಗೆ ನೂಕುತ್ತಾನೆ. ಸ್ಯಾವೇಜ್ ಎದ್ದು ಸ್ಟೀಮ್‌ಬೋಟ್‌ನನ್ನು ಎತ್ತಿ ಬಿಸಾಡಲು ಹೋಗುತ್ತಾನೆ. ಸ್ಟೀಮ್‌ಬೋಟ್ ಆ ಎತ್ತಿನಲ್ಲೇ ಅವನನ್ನು ಸುತ್ತಿ ಗಂಟು ಕಟ್ಟಿದಂತೆ ಮಡಚಿ ಹಿಡಿಯುತ್ತಾನೆ. ಒಂದು, ಎರಡು, ಮೂರು. ಇಷ್ಟು ಹೊತ್ತು ಬಾರದ ಮೂರು ಇಂತಹ ಸಣ್ಣ ಪಟ್ಟಿಗೆ ಬಂತಲ್ಲ, ಅದೇ ಚಂದ.

ಗೆದ್ದದ್ದು ಸ್ಟೀಮ್‌ಬೋಟ್. ಅವನು ಅಪ್ಪಟ ಕುಶಲಿ, ಎರಡು ಮಾತಿಲ್ಲ. ಆದರೆ ಈ ಪಂದ್ಯವನ್ನು ಬರೆದವನು, ತಿದ್ದಿದವನು, ಕೊನೆಗೆ ಬೆನ್ನು ಹಾಕಿ ಮಲಗಿದವನು ಸ್ಯಾವೇಜ್. ತಾನು ಸೋಲುವ ಪಂದ್ಯಕ್ಕೆ ಇಷ್ಟು ಶ್ರಮ ಹಾಕಿದವನನ್ನು ಸುಳ್ಳುಗಾರ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಪ್ರ: ಹಾವು ಬರುವ ಪಂದ್ಯ ಹೇಗಿದೆ? — ಓದುಗರು, ಕಾರವಾರ

ಉ: ಜೇಕ್ 'ದಿ ಸ್ನೇಕ್' ರಾಬರ್ಟ್ಸ್ ಮತ್ತು ಹಾಂಕಿ ಟಾಂಕ್ ಮ್ಯಾನ್. ರಾಬರ್ಟ್ಸ್ ಪರವಾಗಿ ರಾಕ್ ಗಾಯಕ ಅಲಿಸ್ ಕೂಪರ್ ಬಂದಿದ್ದ. ಹಾಂಕಿ ಹಗ್ಗದ ಆಸರೆ ಹಿಡಿದು ಮೋಸದಿಂದ ಗೆದ್ದ. ಆಮೇಲೆ ಮ್ಯಾನೇಜರ್ ಜಿಮ್ಮಿ ಹಾರ್ಟ್ ಮೇಲೆ ಹೆಬ್ಬಾವು ಬಿಟ್ಟರು, ಅದೊಂದು ನೋಡಿ. ಹಿಂದಿನ ಪಂದ್ಯದ ಆಯಾಸಕ್ಕೆ ಜನ ಇಲ್ಲಿ ಉಸಿರು ಬಿಡುತ್ತಾರೆ. ಅದರ ನಂತರದ್ದು ಐರನ್ ಶೇಖ್, ನಿಕೊಲಾಯ್ ವೋಲ್ಕಾಫ್ ಜೋಡಿ ಮತ್ತು ಕಿಲ್ಲರ್ ಬೀಸ್ ಜೋಡಿಯ ಪಂದ್ಯ. ಜಿಮ್ ಡಗ್ಗನ್ ಮರದ ತುಂಡು ಹಿಡಿದು ನುಗ್ಗಿ ಎಲ್ಲವನ್ನೂ ಕೆಡಿಸುತ್ತಾನೆ. ದಾಟಿಸಿ ಮುಂದೆ ಹೋಗಿ.

ಪ್ರ: ಮಾನ್ಯರೇ, ನಾನು ಮೈಸೂರು ದಸರಾ ಕುಸ್ತಿ ನೋಡಿ ಬೆಳೆದವನು. ಮೊಮ್ಮಕ್ಕಳು ಹೋಗನ್-ಆಂಡ್ರೆ ಪಂದ್ಯ ತೋರಿಸಿದರು. ಆಂಡ್ರೆ ನಡೆಯಲೂ ಆಗದವನಂತೆ ಕಂಡ. ಪಟ್ಟೇ ಇಲ್ಲ. ಇದಕ್ಕೇಕೆ ಇಷ್ಟು ಹೆಸರು? — ನಿವೃತ್ತ ಶಿಕ್ಷಕರು, ಮೈಸೂರು

ಉ: ತಮ್ಮ ಕಣ್ಣು ಸರಿಯಾಗಿಯೇ ಕಂಡಿದೆ. ಕ್ಯಾಸೆಟ್ ಬಾಡಿಗೆಗೆ ತಂದು ನೋಡುತ್ತಿದ್ದ ಕಾಲದಲ್ಲಿ ನಮ್ಮ ಚಿಕ್ಕಪ್ಪ ಈ ಪಂದ್ಯ ನೋಡಿ, "ಆ ದೊಡ್ಡೋನ ಸೊಂಟ ಹೋಗೇತಿ, ನೋಡು. ಹಗ್ಗ ಬಿಟ್ಟು ನಿಲ್ಲೋದೇ ಇಲ್ಲ" ಅಂದಿದ್ದರು. ಅವರಿಗೆ ಆಂಡ್ರೆ ಯಾರೆಂದೇ ಗೊತ್ತಿರಲಿಲ್ಲ. ನಿಜವಾಗಿಯೂ ಆಂಡ್ರೆಗೆ ಅದಕ್ಕೆ ಸ್ವಲ್ಪ ಮುಂಚೆ ಬೆನ್ನಿನ ಶಸ್ತ್ರಚಿಕಿತ್ಸೆ ಆಗಿತ್ತು. ಕಪ್ಪು ಉಡುಪಿನ ಒಳಗೆ ಬೆನ್ನಿಗೆ ಗಟ್ಟಿ ಪಟ್ಟಿ ಕಟ್ಟಿಕೊಂಡಿದ್ದ. ಅಕ್ರೋಮೆಗಲಿ ಎಂಬ ಕಾಯಿಲೆ. ಬೆಳವಣಿಗೆಯ ಹಾರ್ಮೋನು ಜಾಸ್ತಿಯಾಗಿ ಮೈ ಬೆಳೆಯುತ್ತಲೇ ಹೋಗುತ್ತದೆ, ಕೀಲುಗಳು ಭಾರ ತಾಳುವುದಿಲ್ಲ. ಫ್ರಾನ್ಸಿನಲ್ಲಿ ಹುಟ್ಟಿದ ಈ ಮನುಷ್ಯನನ್ನು 7 ಅಡಿ 4 ಇಂಚು, 520 ಪೌಂಡ್ ಎಂದು ಕಂಪನಿ ಸಾರುತ್ತಿತ್ತು.

ಕಥೆ ಏನೆಂದರೆ, ಹಲ್ಕ್ ಹೋಗನ್ 1984ರ ಜನವರಿಯಿಂದ ಚಾಂಪಿಯನ್. ಆಂಡ್ರೆ ಅವನ ಗೆಳೆಯ. ಕಾರ್ಯಕ್ರಮಕ್ಕೆ ಕೆಲವೇ ವಾರ ಮುಂಚೆ ಆಂಡ್ರೆ, ಬಾಬಿ ಹೀನನ್ ಎಂಬ ಕುತಂತ್ರಿ ಮ್ಯಾನೇಜರ್ ಜೊತೆ ಬಂದು ನಿಂತ. ಹೋಗನ್‌ನ ಅಂಗಿ ಹರಿದ, ಕತ್ತಿನ ಶಿಲುಬೆ ಕಿತ್ತ. 15 ವರ್ಷ ಸೋತಿಲ್ಲ, ಆಂಡ್ರೆಯನ್ನು ಯಾರೂ ಎತ್ತಿ ಬಿಸಾಡಿಲ್ಲ ಎಂದು ಸಾರಿದರು. ಎರಡೂ ನಿಜವಲ್ಲ. 1980ರಲ್ಲಿ ನ್ಯೂಯಾರ್ಕ್‌ನ ಶೇ ಸ್ಟೇಡಿಯಂನಲ್ಲಿ ಇದೇ ಹೋಗನ್ ಇದೇ ಆಂಡ್ರೆಯನ್ನು ಎತ್ತಿ ಬಿಸಾಡಿದ್ದ. ಆದರೆ ಆಗ ಯೂಟ್ಯೂಬ್ ಇರಲಿಲ್ಲ, ಜನ ನಂಬಿದರು.

ಪಂದ್ಯ 12 ನಿಮಿಷ. ಶುರುವಿನಲ್ಲೇ ಹೋಗನ್ ಆಂಡ್ರೆಯನ್ನು ಎತ್ತಲು ಹೋಗಿ ಭಾರ ತಾಳದೆ ಅವನ ಅಡಿಗೇ ಬೀಳುತ್ತಾನೆ. ರೆಫ್ರಿ ಜೋಯ್ ಮರೆಲ್ಲಾ ಎಣಿಸುತ್ತಾನೆ, ಒಂದು, ಎರಡು. ಮೂರು ಆಗಿಯೇ ಹೋಯಿತೇನೋ ಅನ್ನಿಸುವಷ್ಟು ಹತ್ತಿರ. ಮೇಲೆ ಹೇಳಿದೆನಲ್ಲ, ಎರಡಕ್ಕೂ ಮೂರಕ್ಕೂ ನಡುವೆ ಎಂದು, ಅದೇ. ಅಲ್ಲಿಂದ ಮುಂದೆ ಎಲ್ಲರ ತಲೆಯಲ್ಲಿ ಒಂದೇ ಪ್ರಶ್ನೆ ಕೂರುತ್ತದೆ. ಇವನನ್ನು ಎತ್ತಲು ಆಗುತ್ತದಾ?

ಆಂಡ್ರೆ ಮಾಡುವುದು ಬಹಳ ಕಡಿಮೆ. ತಲೆಯಿಂದ ಗುದ್ದುತ್ತಾನೆ, ಒದೆಯುತ್ತಾನೆ, ಕರಡಿ ಅಪ್ಪುಗೆಯಲ್ಲಿ ಬಹಳ ಹೊತ್ತು ಬಿಗಿದಿಡುತ್ತಾನೆ. ಆ ಅಪ್ಪುಗೆ ಉದ್ದವಾಯಿತು, ಒಪ್ಪುತ್ತೇನೆ. ಆದರೆ ಅವನಿಗೆ ಉಸಿರು ಬೇಕಿತ್ತು. ಹೊರಗೆ ಬಂದಾಗ ಹೋಗನ್ ತಪ್ಪಿಸಿಕೊಳ್ಳುತ್ತಾನೆ, ಆಂಡ್ರೆಯ ತಲೆ ಕಂಬಕ್ಕೆ ಬಡಿಯುತ್ತದೆ. ಹೋಗನ್ ನೆಲದ ಹಾಸು ಕಿತ್ತು ಬರಿ ಕಾಂಕ್ರೀಟ್ ಮೇಲೆ ಆಂಡ್ರೆಯನ್ನು ಕುಕ್ಕಲು ನೋಡುತ್ತಾನೆ, ಆಗ ಆಂಡ್ರೆ ಅವನನ್ನೇ ಬೆನ್ನ ಮೇಲಿಂದ ಆಚೆ ಎಸೆಯುತ್ತಾನೆ. ಆ ಬೆನ್ನಿನಲ್ಲಿ, ನೆನಪಿಡಿ.

ಕೊನೆಗೆ ಹೋಗನ್ ಓಡಿ ಬಂದು ತೋಳಿನಿಂದ ಬೀಸಿ ಹೊಡೆಯುತ್ತಾನೆ. ಆಂಡ್ರೆ ಮೊದಲ ಸಲ ನೆಲಕ್ಕೆ ಬೀಳುತ್ತಾನೆ. ಎದ್ದಾಗ ಹೋಗನ್ ಅವನನ್ನು ಎತ್ತಿ, ಅರ್ಧ ತಿರುಗಿಸಿ, ಬಿಸಾಡುತ್ತಾನೆ. ಆಮೇಲೆ ಲೆಗ್ ಡ್ರಾಪ್, ಅಂದರೆ ಹಾರಿ ಬಿದ್ದವನ ಮೇಲೆ ಕಾಲು ಹಾಕುವ ಪಟ್ಟು, ಮೂರು ಎಣಿಕೆ.

ಅಷ್ಟು ಭಾರದ ಮನುಷ್ಯನನ್ನು, ಅವನಿಗೆ ಮನಸ್ಸಿಲ್ಲದಿದ್ದರೆ, ಹೀಗೆ ಎತ್ತಲು ಆಗುವುದಿಲ್ಲ. ಇದು ಕುಸ್ತಿ ಬಲ್ಲ ತಮಗೆ ನಾನು ಹೇಳಬೇಕಿಲ್ಲ. ಎತ್ತುವವನ ತೊಡೆ ಮೇಲೆ ಕೈಯೂರಿ, ಮೈ ಹಗುರ ಮಾಡಿಕೊಂಡು ಮೇಲಕ್ಕೆ ಬರಬೇಕು. ಹಾಗೆ ಬಂದರೆ ಬೀಳುವುದು ತನ್ನದೇ ಬೆನ್ನಿನ ಮೇಲೆ, ಆಗಷ್ಟೇ ಕೊಯ್ಯಿಸಿಕೊಂಡ ಬೆನ್ನು. ಆಂಡ್ರೆಗೆ ಬೇಡವೆಂದಿದ್ದರೆ ಯಾರೂ ಒತ್ತಾಯ ಮಾಡುವಂತಿರಲಿಲ್ಲ. ಆದರೂ ಒಪ್ಪಿದ, ಬಂದ, ಬಿದ್ದ. ಆ ರಾತ್ರಿ ಹೋಗನ್‌ಗೆ ಸಿಕ್ಕ ಹೆಸರು ಆಂಡ್ರೆ ಕೊಟ್ಟದ್ದು. 1993ರ ಜನವರಿಯಲ್ಲಿ, ಅಪ್ಪನ ಅಂತ್ಯಸಂಸ್ಕಾರಕ್ಕೆಂದು ಫ್ರಾನ್ಸಿಗೆ ಹೋಗಿದ್ದಾಗ, ಆಂಡ್ರೆ ಪ್ಯಾರಿಸ್‌ನಲ್ಲಿ ತೀರಿಕೊಂಡ. ವಯಸ್ಸು 46. ಪಟ್ಟುಗಳನ್ನು ಎಣಿಸಿದರೆ ಇದು ಬಡ ಪಂದ್ಯವೇ. ಆ ಬೆನ್ನು ನೋವು ಗೊತ್ತಿದ್ದು ನೋಡಿದರೆ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ.

ಪ್ರ: ನಾವಿರುವುದು ಪಾಂಟಿಯಾಕ್‌ಗೆ ಹತ್ತಿರ. ಸಿಲ್ವರ್‌ಡೋಮ್ ಈಗ ಇಲ್ಲ. ಅಂದು 93,173 ಜನ ಸೇರಿದ್ದರು ಎನ್ನುವುದು ನಿಜವೇ? — ಕನ್ನಡ ಕುಟುಂಬ, ಟ್ರಾಯ್, ಮಿಷಿಗನ್

ಉ: 93,173 ಎನ್ನುವುದು ಕಂಪನಿ ಘೋಷಿಸಿದ ಸಂಖ್ಯೆ. ಈ ಕ್ಷೇತ್ರದ ಹೆಸರಾಂತ ಪತ್ರಕರ್ತ ಡೇವ್ ಮೆಲ್ಟ್ಜರ್ ಸುಮಾರು 78,000 ಎನ್ನುತ್ತಾರೆ. ಟಿಕೆಟ್ ವ್ಯವಹಾರ ಮಾತಾಡುವವರು ಮೆಲ್ಟ್ಜರ್ ಕಡೆಗೇ ವಾಲುತ್ತಾರೆ, ನನಗೂ ಅದೇ ಸರಿ ಎನಿಸುತ್ತದೆ. ಅದೇ 1987ರ ಸೆಪ್ಟೆಂಬರ್‌ನಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅಲ್ಲಿ ಪೂಜೆ ನಡೆಸಿದಾಗ 93,682 ಜನ ಎಂದು ವರದಿಯಾಯಿತು. ಒಂದು ಮಾತ್ರ ಖಾತ್ರಿ, ರಿಂಗ್‌ಗೂ ಕುಸ್ತಿಪಟುಗಳು ಹೊರಬರುವ ಬಾಗಿಲಿಗೂ ಎಷ್ಟು ದೂರವಿತ್ತೆಂದರೆ, ರಿಂಗ್ ಆಕಾರದ ಪುಟ್ಟ ಗಾಡಿಗಳಲ್ಲಿ ಅವರನ್ನು ಕರೆತರಬೇಕಾಯಿತು. ಸೋತ ಆಂಡ್ರೆ, ಹೀನನ್ ಆ ಗಾಡಿಯಲ್ಲಿ ಹಿಂದಿರುಗುವಾಗ ಜನ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾರೆ. ಕ್ರೀಡಾಂಗಣವನ್ನು 2017ರ ಡಿಸೆಂಬರ್‌ನಲ್ಲಿ ಸ್ಫೋಟಕ ಇಟ್ಟು ಕೆಡವಿದರು. ಮೊದಲ ಸಲ ಸಿಡಿಸಿದಾಗ ಬೀಳಲಿಲ್ಲ, ಮರುದಿನ ಮತ್ತೆ ಸಿಡಿಸಿದರು. ಈಗ ಅಲ್ಲಿ ಅಮೆಜಾನ್‌ನ ಗೋದಾಮಿದೆ ಎನ್ನುವುದು ನಿಮಗೆ ಗೊತ್ತೇ ಇರುತ್ತದೆ.

ಪ್ರ: ಕುಸ್ತಿಪಟುಗಳ ಚಿತ್ರವಿರುವ ಟ್ರಂಪ್ ಕಾರ್ಡ್ ಆಡಿ ಬೆಳೆದವರು ನಾವು. ಎತ್ತರ, ತೂಕ ಬಾಯಿಪಾಠ, ಪಂದ್ಯ ಮಾತ್ರ ನೋಡಿರಲಿಲ್ಲ. ಈಗ ಇದನ್ನು ನೋಡಿ ಮುಗಿಸಿದೆವು. ಮುಂದೆ ಯಾವುದು ನೋಡೋಣ? — ನಾಲ್ವರು ಗೆಳೆಯರು, ಹುಬ್ಬಳ್ಳಿ

ಉ: ಎರಡು ಹೇಳುತ್ತೇನೆ, ಇದೇ ಸಾಲಿನಲ್ಲಿ ನೋಡಿ. ಮೊದಲು 1988ರ ಫೆಬ್ರವರಿ 5ರ 'ದಿ ಮೇನ್ ಇವೆಂಟ್'. ಎನ್‌ಬಿಸಿ ಟಿವಿ ಚಾನೆಲ್‌ನಲ್ಲಿ ಬಂದದ್ದು, ಅಮೆರಿಕದಲ್ಲಿ 3.3 ಕೋಟಿ ಜನ ನೋಡಿದರು ಎನ್ನುತ್ತಾರೆ. ಹೋಗನ್-ಆಂಡ್ರೆ ಮತ್ತೆ ಎದುರಾಗುತ್ತಾರೆ, ಈ ಸಲ ಆಂಡ್ರೆಗೆ ಬೆಲ್ಟ್. ಹೋಗನ್ ಭುಜ ಎತ್ತಿದ್ದರೂ ರೆಫ್ರಿ ಮೂರು ಎಣಿಸುತ್ತಾನೆ. ಆಮೇಲೆ ಅದೇ ಮುಖದ ಇನ್ನೊಬ್ಬ ರೆಫ್ರಿ ಬರುತ್ತಾನೆ. ಡೇವ್ ಹೆಬ್ನರ್ ಮತ್ತು ಅರ್ಲ್ ಹೆಬ್ನರ್ ನಿಜವಾದ ಅವಳಿ ಸಹೋದರರು. ಆಂಡ್ರೆ ಗೆದ್ದ ಬೆಲ್ಟನ್ನು ಅಲ್ಲೇ ಇನ್ನೊಬ್ಬ ಕುಸ್ತಿಪಟು ಟೆಡ್ ಡಿಬಿಯಾಸಿಗೆ ಒಪ್ಪಿಸುತ್ತಾನೆ.

ಬೆಲ್ಟ್ ಹಾಗೆ ಕೈ ಬದಲಾಗಲು ಬಿಡಲಿಲ್ಲ, ಪಟ್ಟ ಖಾಲಿಯಾಯಿತು. ಅದಕ್ಕಾಗಿ 1988ರ ಮಾರ್ಚ್ 27ರಂದು ಅಟ್ಲಾಂಟಿಕ್ ಸಿಟಿಯಲ್ಲಿ ರೆಸಲ್‌ಮೇನಿಯಾ 4. ಒಂದೇ ರಾತ್ರಿಯ ಪಂದ್ಯಾವಳಿ. ಕಾರ್ಯಕ್ರಮ ತುಂಬಾ ಉದ್ದ, ನಡುವೆ ಸೊರಗುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಹೋಗನ್-ಆಂಡ್ರೆ ಪಂದ್ಯದಲ್ಲಿ ಇಬ್ಬರೂ ಅನರ್ಹರಾಗುತ್ತಾರೆ. ಸ್ಟೀಮ್‌ಬೋಟ್ ಮೊದಲ ಸುತ್ತಿನಲ್ಲೇ ಹೊರಗೆ. ನೀವು ಸ್ಯಾವೇಜ್‌ನ ಪಂದ್ಯಗಳನ್ನು ಮಾತ್ರ ಆರಿಸಿ ನೋಡಿ. ಆ ರಾತ್ರಿ ನಾಲ್ಕು ಸಲ ರಿಂಗ್‌ಗೆ ಬರುತ್ತಾನೆ, ಪ್ರತಿ ಸಲವೂ ಬೇರೆ ಬಣ್ಣದ ನಿಲುವಂಗಿ. ಕೊನೆಯ ಪಂದ್ಯದಲ್ಲಿ ಡಿಬಿಯಾಸಿಯನ್ನು ಸೋಲಿಸಿ ವಿಶ್ವ ಚಾಂಪಿಯನ್ ಆಗುತ್ತಾನೆ, ಅದೂ ಹೋದ ವರ್ಷ ಎಣಿಸುವವರಿಲ್ಲದೆ ವ್ಯರ್ಥವಾದ ಆ ಮೊಣಕೈ ಏಟಿನಿಂದಲೇ.